ಮನೆಯ ಸಾಕೆಟ್ ವೈರಿಂಗ್: ತಂತಿಯ ಗಾತ್ರ ಮತ್ತು ಎಂ.ಸಿ.ಬಿ. ಆಯ್ಕೆಯ ಲೆಕ್ಕಾಚಾರ

ವಿದ್ಯುತ್ ಸಾಮಗ್ರಿಗಳ ಅಂಗಡಿಗೆ ಬರುವ ಗ್ರಾಹಕರಲ್ಲಿ ಅನೇಕರು ಒಂದೇ ಬಗೆಯ ದೂರನ್ನು ಹೇಳುತ್ತಾರೆ. ಗೀಜರ್ ಹಾಕಿ ಸ್ವಲ್ಪ ಹೊತ್ತಿಗೆ ಎಂ.ಸಿ.ಬಿ. ಬೀಳುತ್ತದೆ, ಆದ್ದರಿಂದ ಹದಿನಾರು ಆಂಪಿಯರಿನದು ಬೇಡ, ಮೂವತ್ತೆರಡರದ್ದು ಕೊಡಿ ಎಂಬುದು ಅವರ ಬೇಡಿಕೆ. ಕೇಳಿದ್ದನ್ನು ಕೊಟ್ಟು ಕಳುಹಿಸುವುದು ವ್ಯಾಪಾರಕ್ಕೆ ಸುಲಭ. ಹೊಸ ಎಂ.ಸಿ.ಬಿ. ಬೀಳುವುದೂ ಇಲ್ಲ, ಗ್ರಾಹಕರು ದೂರು ಹೊತ್ತು ಮರಳಿ ಬರುವುದೂ ಇಲ್ಲ. ಆದರೆ ಗೋಡೆಯೊಳಗಿನ ತಂತಿ ಮೊದಲಿನದೇ ಆಗಿರುತ್ತದೆ. ಅದಕ್ಕಿದ್ದ ಕಾವಲನ್ನು ನಾವು ಅಂಗಡಿಯ ಕಟ್ಟೆಯ ಮೇಲೆಯೇ ತೆಗೆದುಹಾಕಿರುತ್ತೇವೆ.

ವಿದ್ಯುತ್ ಸಾಮಗ್ರಿಗಳ ವರ್ತಕರು, ಸ್ವಿಚ್ ಬೋರ್ಡು ಮತ್ತು ಎಕ್ಸ್‌ಟೆನ್ಷನ್ ಬೋರ್ಡು ತಯಾರಿಸುವ ಸಣ್ಣ ಉದ್ಯಮಿಗಳು, ಮನೆಯ ಒಂದು ಭಾಗದಲ್ಲಿಯೇ ಯಂತ್ರಗಳನ್ನಿಟ್ಟು ದುಡಿಯುವವರು, ಹೀಗೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಈ ವಿಷಯ ನೇರವಾಗಿ ಸಂಬಂಧಿಸಿದೆ. ತಂತಿಯ ಗಾತ್ರವನ್ನೂ ರಕ್ಷಣಾ ಸಾಧನವನ್ನೂ ಆರಿಸುವ ಲೆಕ್ಕ ಕಷ್ಟದ್ದೇನೂ ಅಲ್ಲ. ಅದನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಎಂ.ಸಿ.ಬಿ. ಕಾಯುವುದು ತಂತಿಯನ್ನು

ಎಂ.ಸಿ.ಬಿ. ಇರುವುದು ಗೀಜರನ್ನೋ ಮಿಕ್ಸಿಯನ್ನೋ ಕಾಪಾಡಲು ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಅದರ ಮುಖ್ಯ ಕೆಲಸ ತಂತಿಯನ್ನು ಕಾಯುವುದು. ತಂತಿಯಲ್ಲಿ ವಿದ್ಯುತ್ ಹರಿದಾಗ ಶಾಖ ಹುಟ್ಟುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ಪಿ.ವಿ.ಸಿ. ಹೊದಿಕೆಯ ತಂತಿಯ ವಾಹಕವು ನಿರಂತರವಾಗಿ 70 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಮೀರಿದರೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ, ಇನ್ನೂ ಹೆಚ್ಚಾದರೆ ಕರಗುತ್ತದೆ. ಇದು ಒಂದು ದಿನದಲ್ಲಿ ಆಗುವ ಹಾನಿಯಲ್ಲ. ವರ್ಷಗಟ್ಟಲೆ ಪೈಪಿನೊಳಗೆ ಯಾರ ಕಣ್ಣಿಗೂ ಬೀಳದೆ ನಡೆದು, ಕೊನೆಗೆ ಶಾರ್ಟ್ ಸರ್ಕ್ಯೂಟ್ ಆಗಿ ಪ್ರಕಟವಾಗುತ್ತದೆ.

ಆದ್ದರಿಂದ ಆಯ್ಕೆಯ ಮೂಲಸೂತ್ರ ಹೀಗಿದೆ: ಸರ್ಕ್ಯೂಟಿನ ಹೊರೆ ಎಂ.ಸಿ.ಬಿ.ಯ ಮೌಲ್ಯವನ್ನು ಮೀರಬಾರದು, ಎಂ.ಸಿ.ಬಿ.ಯ ಮೌಲ್ಯ ತಂತಿಯ ಧಾರಣಶಕ್ತಿಯನ್ನು ಮೀರಬಾರದು. ಮೊದಲು ಹೊರೆ, ಅನಂತರ ಎಂ.ಸಿ.ಬಿ., ಆ ಬಳಿಕ ತಂತಿ ಎಂಬುದೇ ಲೆಕ್ಕದ ಕ್ರಮ. ತಂತಿಯನ್ನು ಎಳೆದಾದ ಮೇಲೆ ಎಂ.ಸಿ.ಬಿ.ಯನ್ನು ಮಾತ್ರ ದೊಡ್ಡದು ಮಾಡಿದರೆ ಈ ಸರಪಳಿ ತುಂಡಾಗುತ್ತದೆ.

ಎಂ.ಸಿ.ಬಿ.ಯ ಮೇಲೆ ಬರೆದಿರುವ ಅಂಕಿಗೆ ಸರಿಯಾಗಿ ಅದು ಬೀಳುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಐ.ಎಸ್./ಐ.ಇ.ಸಿ. 60898 ಮಾನಕದ ಪ್ರಕಾರ ಮನೆಬಳಕೆಯ ಎಂ.ಸಿ.ಬಿ. ತನ್ನ ಮೌಲ್ಯದ 1.13 ಪಟ್ಟು ಪ್ರವಾಹವನ್ನು ಒಂದು ಗಂಟೆಯವರೆಗೆ ಬೀಳದೆ ತಾಳಿಕೊಳ್ಳಬೇಕು, 1.45 ಪಟ್ಟಾದಾಗ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 16 ಆಂಪಿಯರಿನ ಎಂ.ಸಿ.ಬಿ. 18 ಆಂಪಿಯರನ್ನು ಸುಮ್ಮನೆ ಬಿಡುತ್ತದೆ, 23 ಆಂಪಿಯರನ್ನು ಕೂಡ ಸ್ವಲ್ಪ ಕಾಲ ಬಿಡಬಹುದು. 32 ಆಂಪಿಯರಿನದಾದರೆ 36 ಆಂಪಿಯರ್ ಹರಿದರೂ ಬೀಳದೆ ಇರಬಲ್ಲದು. 18 ಆಂಪಿಯರ್ ತಾಳುವ ತಂತಿಯ ಮುಂದೆ ಅದನ್ನು ಕೂರಿಸಿದರೆ, ತಂತಿಯಲ್ಲಿ ನಾಲ್ಕು ಪಟ್ಟು ಶಾಖ ಹುಟ್ಟುತ್ತಿದ್ದರೂ ತಡೆಯುವವರು ಯಾರೂ ಇರುವುದಿಲ್ಲ.

ಹೊರೆಯ ಲೆಕ್ಕ

ನಮ್ಮ ಮನೆಗಳ ಒಂದು ಫೇಸಿನ ಸರಬರಾಜು 230 ವೋಲ್ಟಿನದು. ಉಪಕರಣದ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಸೆಳೆಯುವ ಪ್ರವಾಹ ಆಂಪಿಯರಿನಲ್ಲಿ ಸಿಗುತ್ತದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ 4.3, 750 ವ್ಯಾಟಿನ ಮಿಕ್ಸಿಗೆ 3.3, 1500 ವ್ಯಾಟಿನ ನೀರು ಕಾಯಿಸುವ ಕೆಟಲಿಗೆ 6.5, 2000 ವ್ಯಾಟಿನ ಗೀಜರ್ ಅಥವಾ ಇಂಡಕ್ಷನ್ ಒಲೆಗೆ 8.7, 3000 ವ್ಯಾಟಿನ ದಿಢೀರ್ ಗೀಜರಿಗೆ 13 ಆಂಪಿಯರ್ ಬೇಕಾಗುತ್ತದೆ. ಮೋಟಾರು ಇರುವ ಉಪಕರಣಗಳಿಗೆ ಈ ಲೆಕ್ಕಕ್ಕಿಂತ ತುಸು ಹೆಚ್ಚೇ ಬೇಕು. ವೋಲ್ಟೇಜ್ ಕುಸಿದಾಗ ಗೀಜರ್ ಕಡಿಮೆ ಪ್ರವಾಹ ಸೆಳೆಯುತ್ತದೆ, ಆದರೆ ಹೊರೆ ಹೊತ್ತ ಮೋಟಾರು ಹೆಚ್ಚು ಸೆಳೆಯುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವುದು ಐ.ಎಸ್. 1293 ಮಾನಕದ 6 ಮತ್ತು 16 ಆಂಪಿಯರಿನ ಸಾಕೆಟ್ಟುಗಳು. ಹಳಬರು ಇವನ್ನು ಇಂದಿಗೂ 5 ಮತ್ತು 15 ಆಂಪಿಯರಿನವು ಎಂದೇ ಕರೆಯುತ್ತಾರೆ. ಮೇಲಿನ ಪಟ್ಟಿಯ ಕೆಟಲ್ ಕೂಡ 6 ಆಂಪಿಯರಿನ ಸಾಕೆಟ್ಟಿಗೆ ಭಾರವೇ. ದೊಡ್ಡ ಪಿನ್ನಿನ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಸಿಕ್ಕಿಸಲು ಕನ್ವರ್ಟರ್ ಕೇಳುವ ಗ್ರಾಹಕರಿಗೆ ಇದನ್ನು ತಿಳಿಸಿ ಹೇಳುವುದು ವರ್ತಕರ ಕರ್ತವ್ಯ.

ಭಾರತೀಯ ವೈರಿಂಗ್ ಸಂಹಿತೆಯಾದ ಐ.ಎಸ್. 732ರ ಪರಂಪರೆಯಲ್ಲಿ ಒಂದು ಹಳೆಯ ರೂಢಿಯಿದೆ. ದೀಪ, ಫ್ಯಾನು, ಸಣ್ಣ ಸಾಕೆಟ್ಟುಗಳ ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟು ಅಥವಾ 800 ವ್ಯಾಟು ಮಿತಿ. ಪವರ್ ಸರ್ಕ್ಯೂಟಿಗೆ ಎರಡು ಸಾಕೆಟ್ಟು ಹಾಗೂ 3000 ವ್ಯಾಟು ಮಿತಿ. ಈ ರೂಢಿಯನ್ನು ಪಾಲಿಸಿದ ಮನೆಗಳಲ್ಲಿ ಎಂ.ಸಿ.ಬಿ. ಬೀಳುವ ದೂರು ಅಪರೂಪ. 3000 ವ್ಯಾಟಿನ ಗೀಜರಿನ ಸಾಲಿನಲ್ಲಿಯೇ ನೀರು ಬಿಸಿಮಾಡುವ ಬಟ್ಟೆ ಒಗೆಯುವ ಯಂತ್ರವನ್ನೂ ಸೇರಿಸಿದರೆ ಒಟ್ಟು 21.7 ಆಂಪಿಯರ್ ಆಗುತ್ತದೆ. 16ರ ಎಂ.ಸಿ.ಬಿ. ಸ್ವಲ್ಪ ಹೊತ್ತು ತಾಳಿ ಬೀಳುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿದೆ. ಯಂತ್ರಕ್ಕೆ ಡಿ.ಬಿ. ಪೆಟ್ಟಿಗೆಯಿಂದಲೇ ಪ್ರತ್ಯೇಕ ಸಾಲನ್ನು ಎಳೆಯುವುದೊಂದೇ ಇದಕ್ಕೆ ಪರಿಹಾರ.

ತಂತಿಯ ಧಾರಣಶಕ್ತಿ

ಹಿಂದೆ 3/20, 7/20 ಎಂಬ ಗೇಜಿನ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದ ತಂತಿ ಈಗ ಚದರ ಮಿಲಿಮೀಟರಿನ ಲೆಕ್ಕದಲ್ಲಿ ಬರುತ್ತದೆ. ಅಂಗಡಿಯ ಭಾಷೆಯಲ್ಲಿ ಇದೇ ಒಂದೂವರೆ, ಎರಡೂವರೆ, ನಾಲ್ಕು ಸ್ಕ್ವೇರ್. ಐ.ಎಸ್. 694ರ ಪಿ.ವಿ.ಸಿ. ಹೊದಿಕೆಯ ತಾಮ್ರದ ತಂತಿಗಳ ಒಂದು ಜೋಡಿ ಪೈಪಿನೊಳಗಿದ್ದು, ಸುತ್ತಲಿನ ಉಷ್ಣತೆ 40 ಡಿಗ್ರಿ ಇರುವಾಗ, ಅವು ತಾಳಬಲ್ಲ ಪ್ರವಾಹ ಸ್ಥೂಲವಾಗಿ ಹೀಗಿದೆ:

1 ಚ.ಮಿ.ಮೀ. – 11 ಆಂಪಿಯರ್
1.5 ಚ.ಮಿ.ಮೀ. – 13 ಆಂಪಿಯರ್
2.5 ಚ.ಮಿ.ಮೀ. – 18 ಆಂಪಿಯರ್
4 ಚ.ಮಿ.ಮೀ. – 24 ಆಂಪಿಯರ್
6 ಚ.ಮಿ.ಮೀ. – 31 ಆಂಪಿಯರ್
10 ಚ.ಮಿ.ಮೀ. – 42 ಆಂಪಿಯರ್

ತಯಾರಕರ ಪಟ್ಟಿಗಳಲ್ಲಿ ಒಂದೆರಡು ಆಂಪಿಯರಿನ ವ್ಯತ್ಯಾಸ ಇರುವುದುಂಟು. ಆಯಾ ತಂತಿಗೆ ಆಯಾ ತಯಾರಕರ ಪಟ್ಟಿಯೇ ಪ್ರಮಾಣ. ಈ ಅಂಕಿಗಳ ಪ್ರಕಾರ 1.5ರ ತಂತಿಗೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20, 6ಕ್ಕೆ 25 ಆಂಪಿಯರಿನ ಎಂ.ಸಿ.ಬಿ. ಮಿತಿಯಾಗುತ್ತದೆ. 1.5ರ ತಂತಿಗೆ 16 ಆಂಪಿಯರಿನ ಸಾಕೆಟ್ಟನ್ನೂ 16ರ ಎಂ.ಸಿ.ಬಿ.ಯನ್ನೂ ಜೋಡಿಸುವ ಪದ್ಧತಿ ಹಲವೆಡೆ ಕಾಣಸಿಗುತ್ತದೆ. ಹಣ ಉಳಿಸುವ ಆಸೆಯಿಂದ ಮಾಡುವ ಈ ಕೆಲಸ ಮೂಲಸೂತ್ರಕ್ಕೆ ವಿರುದ್ಧ.

ತಂತಿ ದಪ್ಪವಿದ್ದರೂ 16 ಆಂಪಿಯರಿನ ಸಾಕೆಟ್ಟಿಗೆ 16ಕ್ಕಿಂತ ಹೆಚ್ಚಿನ ಎಂ.ಸಿ.ಬಿ. ಹಾಕದಿರುವುದು ಒಳ್ಳೆಯದು. ಆಗ ತಂತಿಯ ಜೊತೆಗೆ ಸಾಕೆಟ್ಟಿಗೂ ರಕ್ಷಣೆ ದೊರೆಯುತ್ತದೆ.

ಪೈಪಿನ ಇಕ್ಕಟ್ಟು ಮತ್ತು ಬೇಸಿಗೆಯ ತಾಪ

ಮೇಲಿನ ಪಟ್ಟಿ ಒಂದು ಪೈಪಿನಲ್ಲಿ ಒಂದೇ ಸರ್ಕ್ಯೂಟ್ ಇದ್ದಾಗಿನದು. ವಾಸ್ತವದಲ್ಲಿ ಒಂದೇ ಪೈಪಿನಲ್ಲಿ ಎರಡು ಮೂರು ಸರ್ಕ್ಯೂಟುಗಳು ಹೋಗುತ್ತವೆ. ಅವೆಲ್ಲವೂ ಏಕಕಾಲಕ್ಕೆ ಪೂರ್ಣ ಹೊರೆ ಹೊತ್ತಾಗ ಒಂದರ ಶಾಖ ಇನ್ನೊಂದಕ್ಕೆ ತಗಲುತ್ತದೆ. ಹೀಗಿರುವಲ್ಲಿ ಎರಡು ಸರ್ಕ್ಯೂಟಿಗೆ ಧಾರಣಶಕ್ತಿಯನ್ನು 0.8ರಿಂದಲೂ ಮೂರಕ್ಕೆ 0.7ರಿಂದಲೂ ಗುಣಿಸಬೇಕೆಂಬ ನಿಯಮವಿದೆ.

ಲೆಕ್ಕ ಹಾಕಿ ನೋಡೋಣ. 2.5ರ ತಂತಿಯ 18 ಆಂಪಿಯರ್ ಎರಡು ಸರ್ಕ್ಯೂಟಿನ ಪೈಪಿನಲ್ಲಿ 14.4ಕ್ಕೆ ಇಳಿಯುತ್ತದೆ. ಆಗ 16ರ ಎಂ.ಸಿ.ಬಿ. ಅದಕ್ಕೆ ಸಾಕಷ್ಟು ಕಾವಲಲ್ಲ. 4ರ ತಂತಿಯಾದರೋ 24ರಿಂದ 19.2ಕ್ಕೆ ಇಳಿದರೂ 16ರ ಮೇಲೆಯೇ ಇರುತ್ತದೆ. ಮೂರು ಸರ್ಕ್ಯೂಟುಗಳಿದ್ದಾಗಲೂ 16.8 ಆಂಪಿಯರ್ ಉಳಿಯುತ್ತದೆ. ಸರ್ಕಾರಿ ಕಟ್ಟಡ ಕಾಮಗಾರಿಗಳಲ್ಲಿ ಪವರ್ ಸರ್ಕ್ಯೂಟಿಗೆ 4 ಚ.ಮಿ.ಮೀ. ತಂತಿಯನ್ನೇ ಬಳಸುವ ರೂಢಿ ಎಷ್ಟು ವಿವೇಕದ್ದು ಎಂಬುದು ಇದರಿಂದ ತಿಳಿಯುತ್ತದೆ. ಗ್ರಾಹಕರು ಇದನ್ನು ಅನಗತ್ಯ ಖರ್ಚು ಎಂದು ಭಾವಿಸಿದರೆ ಈ ಲೆಕ್ಕವನ್ನೇ ತೋರಿಸಬಹುದು.

ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ತಾರಸಿಯ ಕಾಂಕ್ರೀಟಿನೊಳಗೆ ಹುದುಗಿದ ಪೈಪು ಇನ್ನೂ ಬಿಸಿ. ಇಂಥ ಕಡೆಗಳಲ್ಲಿ ಒಂದು ಗಾತ್ರ ಮೇಲಿನ ತಂತಿಯನ್ನು ಆರಿಸುವುದು ಕ್ಷೇಮ. ಸಾಧ್ಯವಿದ್ದಲ್ಲಿ ಪವರ್ ಸಾಲಿನ ಪೈಪನ್ನು ತಾರಸಿಯ ಬದಲು ಗೋಡೆಯಲ್ಲಿ ಒಯ್ಯಬೇಕು.

ದೂರ ಹೆಚ್ಚಿದರೆ ವೋಲ್ಟೇಜ್ ಕುಸಿತ

ಡಿ.ಬಿ. ಪೆಟ್ಟಿಗೆಯಿಂದ ಸಾಕೆಟ್ಟು ದೂರವಿದ್ದಷ್ಟೂ ತಂತಿಯಲ್ಲಿ ವೋಲ್ಟೇಜ್ ನಷ್ಟವಾಗುತ್ತದೆ. ಸಾಮಾನ್ಯವಾಗಿ ದೀಪಗಳಿಗೆ ಶೇಕಡ 3, ಇತರ ಹೊರೆಗಳಿಗೆ ಶೇಕಡ 5ಕ್ಕಿಂತ ಹೆಚ್ಚು ಕುಸಿತ ಇರಬಾರದು. ಇದು ಸರಬರಾಜಿನ ಪ್ರವೇಶದಿಂದ ಕೊನೆಯ ಪಾಯಿಂಟಿನವರೆಗಿನ ಒಟ್ಟು ಕುಸಿತ, ಮೀಟರಿನಿಂದ ಡಿ.ಬಿ.ವರೆಗಿನ ಪಾಲೂ ಅದರಲ್ಲಿ ಸೇರಿದೆ.

20 ಮೀಟರ್ ದೂರದಲ್ಲಿ 13 ಆಂಪಿಯರಿನ ಗೀಜರ್ ಇದೆ ಎನ್ನೋಣ. ಫೇಸ್ ಮತ್ತು ನ್ಯೂಟ್ರಲ್ ಸೇರಿ 40 ಮೀಟರ್ ತಂತಿ. ತಂತಿ ಬಿಸಿಯಾಗಿರುವಾಗ 1.5ರ ತಂತಿಯಲ್ಲಿ ಸುಮಾರು 8.3 ವೋಲ್ಟು, 2.5ರಲ್ಲಿ 5, 4ರಲ್ಲಿ 3.1 ವೋಲ್ಟು ನಷ್ಟವಾಗುತ್ತದೆ. ಈ ನಷ್ಟವೇ ಶಾಖವಾಗಿ ಮಾರ್ಪಟ್ಟು, ಗೀಜರ್ ನಡೆದಷ್ಟು ಹೊತ್ತೂ ಕ್ರಮವಾಗಿ 108, 65 ಮತ್ತು 40 ವ್ಯಾಟು ಗೋಡೆಯೊಳಗೆ ಸೋರಿಹೋಗುತ್ತದೆ. ಅದರ ಶುಲ್ಕವನ್ನೂ ಗ್ರಾಹಕರೇ ಮೀಟರಿನಲ್ಲಿ ತೆರುತ್ತಾರೆ. ಈ ಸಾಲಿನ ಫೇಸ್ ಮತ್ತು ನ್ಯೂಟ್ರಲ್ಲಿಗೆ 2.5ರ ಬದಲು 4 ಬಳಸಿದರೆ ಹೆಚ್ಚಾಗಿ ಬೇಕಾಗುವ ತಾಮ್ರ ಅರ್ಧ ಕಿಲೋಗಿಂತ ತುಸು ಮಾತ್ರ ಅಧಿಕ.

ಕಾರು ಮನೆಯಲ್ಲಿಯೇ ಚಾರ್ಜ್ ಆಗುವ ಈ ಕಾಲದಲ್ಲಿ ಈ ಲೆಕ್ಕಕ್ಕೆ ಹೊಸ ಮಹತ್ವ ಬಂದಿದೆ. 3.3 ಕಿಲೋವ್ಯಾಟಿನ ಚಾರ್ಜರ್ 14 ಆಂಪಿಯರಿಗೂ ಹೆಚ್ಚಿನ ಪ್ರವಾಹವನ್ನು ಗಂಟೆಗಟ್ಟಲೆ, ಬಿಡುವಿಲ್ಲದೆ ಸೆಳೆಯುತ್ತದೆ. ಗೀಜರಿಗಾದರೆ ನಡುನಡುವೆ ವಿಶ್ರಾಂತಿಯಿದೆ, ಚಾರ್ಜರಿಗೆ ಇಲ್ಲ. ಇದಕ್ಕೆ 4 ಚ.ಮಿ.ಮೀ. ತಂತಿಯ ಪ್ರತ್ಯೇಕ ಸರ್ಕ್ಯೂಟನ್ನೇ ಎಳೆಯಬೇಕು. ಹಳೆಯ ಸಾಲಿಗೆ ಜೋಡಿಸಬಾರದು.

ಬಿ, ಸಿ ಮಾದರಿಗಳ ವ್ಯತ್ಯಾಸ

ಎಂ.ಸಿ.ಬಿ.ಯ ಮೇಲೆ ಬಿ16, ಸಿ16 ಎಂದಿರುತ್ತದೆ. ಅಕ್ಷರವು ಶಾರ್ಟ್ ಸರ್ಕ್ಯೂಟಿನಲ್ಲಿ ತಕ್ಷಣ ಬೀಳುವ ಮಟ್ಟವನ್ನು ಸೂಚಿಸುತ್ತದೆ. ಬಿ ಮಾದರಿ ಮೌಲ್ಯದ 3ರಿಂದ 5 ಪಟ್ಟಿನೊಳಗೆ, ಸಿ ಮಾದರಿ 5ರಿಂದ 10 ಪಟ್ಟಿನೊಳಗೆ, ಡಿ ಮಾದರಿ 10ರಿಂದ 20 ಪಟ್ಟಿನೊಳಗೆ ತಕ್ಷಣ ಬೀಳುತ್ತದೆ. ಗೀಜರ್, ಇಸ್ತ್ರಿ ಪೆಟ್ಟಿಗೆಯಂಥ ಹೊರೆಗಳಿಗೆ ಬಿ ಸಾಕು. ಪ್ರಾರಂಭದಲ್ಲಿ ಹೆಚ್ಚು ಪ್ರವಾಹ ಸೆಳೆಯುವ ಎ.ಸಿ., ಫ್ರಿಜ್, ನೀರೆತ್ತುವ ಮೋಟಾರುಗಳಿಗೆ ಸಿ ಬೇಕು. ಮನೆಯ ಸಾಕೆಟ್ಟುಗಳಿಗೆ ಡಿ ಮಾದರಿಯನ್ನು ಕೊಡಬಾರದು. ನಿಧಾನವಾಗಿ ಏರುವ ಅಧಿಕ ಹೊರೆಯ ವಿಷಯದಲ್ಲಿ ಮೂರೂ ಮಾದರಿಗಳು ಒಂದೇ ಎಂಬುದನ್ನು ಗಮನಿಸಬೇಕು. ಬಿ16 ಬದಲು ಸಿ16 ಹಾಕಿದರೆ ಓವರ್‌ಲೋಡಿನ ದೂರು ತೀರುವುದಿಲ್ಲ.

ಗ್ರಾಹಕರ ದೂರನ್ನು ಕೇಳುವಾಗ ಎಂ.ಸಿ.ಬಿ. ಯಾವಾಗ ಬೀಳುತ್ತದೆಂದು ವಿಚಾರಿಸಿದರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಸ್ವಿಚ್ಚು ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಅಥವಾ ಮೋಟಾರಿನ ಪ್ರಾರಂಭಿಕ ಸೆಳೆತ. ಹಲವು ನಿಮಿಷಗಳ ಬಳಿಕ ಬಿದ್ದರೆ ಅಧಿಕ ಹೊರೆ. ಹೊರೆ ಮಿತಿಯಲ್ಲಿದ್ದೂ ಬೀಳುತ್ತಿದ್ದರೆ ತಿರುಪು ಸಡಿಲವಾಗಿ ಎಂ.ಸಿ.ಬಿ. ತಾನೇ ಬಿಸಿಯಾಗುತ್ತಿರಬಹುದು. ಈ ಮೂರರಲ್ಲಿ ಯಾವುದಕ್ಕೂ 32 ಆಂಪಿಯರಿನ ಎಂ.ಸಿ.ಬಿ. ಮದ್ದಲ್ಲ.

ಹಳೆಯ ಮನೆಗಳಲ್ಲಿ ಇಂದಿಗೂ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿವೆ. ಅವುಗಳ ತಂತಿ ಕರಗಲು ಮೌಲ್ಯದ ಸುಮಾರು ಎರಡು ಪಟ್ಟು ಪ್ರವಾಹ ಬೇಕು. ಕರಗಿದ ತಂತಿಯ ಜಾಗಕ್ಕೆ ಕೈಗೆ ಸಿಕ್ಕ ತಾಮ್ರದ ಎಳೆಗಳನ್ನು ಸುತ್ತಿದರಂತೂ ರಕ್ಷಣೆಯ ಮಾತೇ ಇಲ್ಲ. ಅಂಥ ಬೋರ್ಡುಗಳನ್ನು ಬದಲಾಯಿಸುವಂತೆ ಸಲಹೆ ನೀಡುವುದು ವ್ಯಾಪಾರಕ್ಕೂ ಹಿತ, ಗ್ರಾಹಕರಿಗೂ ಹಿತ.

ಪ್ರಾಣರಕ್ಷಣೆಗೆ ಆರ್.ಸಿ.ಸಿ.ಬಿ.

ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ನಮ್ಮ ಬಹುಪಾಲು ಮನೆಗಳಲ್ಲಿ ಭೂಸಂಪರ್ಕಕ್ಕೆ ಅಂಗಳದಲ್ಲಿ ಹೂಳಿದ ಕೊಳವೆ ಅಥವಾ ತಗಡೇ ಆಧಾರ. ಅದರ ಮಾರ್ಗದ ಪ್ರತಿರೋಧ 20 ಓಮ್ ಇದೆಯೆಂದುಕೊಳ್ಳೋಣ. ಗೀಜರಿನ ಲೋಹದ ಮೈಗೆ ಫೇಸ್ ತಗಲಿದರೆ ಭೂಮಿಗೆ ಹರಿಯುವ ಪ್ರವಾಹ 230 ಭಾಗ 20, ಅಂದರೆ 11.5 ಆಂಪಿಯರ್ ಮಾತ್ರ. 16ರ ಎಂ.ಸಿ.ಬಿ. ಇದನ್ನು ಸಾಮಾನ್ಯ ಹೊರೆ ಎಂದೇ ಭಾವಿಸುತ್ತದೆ. ಗೀಜರಿನ ಮೈ ಮಾತ್ರ ಪ್ರಾಣಾಂತಕ ವೋಲ್ಟೇಜಿನಲ್ಲಿ ನಿಂತಿರುತ್ತದೆ.

ಆರ್.ಸಿ.ಸಿ.ಬಿ. ಫೇಸಿನಲ್ಲಿ ಹೋದ ಪ್ರವಾಹವನ್ನೂ ನ್ಯೂಟ್ರಲ್ಲಿನಲ್ಲಿ ಮರಳಿದ ಪ್ರವಾಹವನ್ನೂ ಸದಾ ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಆದರೆ ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ಸಂಪರ್ಕ ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ವಿನಿಯಮಗಳು ಗೃಹ ಸಂಪರ್ಕಗಳಿಗೆ ನಿಗದಿಪಡಿಸಿರುವ ಮಿತಿಯೂ 30 ಮಿಲಿಆಂಪಿಯರೇ. 100 ಅಥವಾ 300 ಮಿಲಿಆಂಪಿಯರಿನ ಸಾಧನಗಳು ಕಡಿಮೆ ತೊಂದರೆ ಕೊಡುತ್ತವೆಂದು ಮನೆಗೆ ಮಾರುವುದು ಸರಿಯಲ್ಲ.

ಇದರ ಮಿತಿಗಳನ್ನೂ ಗ್ರಾಹಕರಿಗೆ ತಿಳಿಸಬೇಕು. ಆರ್.ಸಿ.ಸಿ.ಬಿ. ಅಧಿಕ ಹೊರೆಗೆ ಬೀಳುವುದಿಲ್ಲ, ಎಂ.ಸಿ.ಬಿ. ಜೊತೆಗಿರಲೇಬೇಕು. ಎರಡೂ ಕೆಲಸ ಒಂದರಲ್ಲೇ ಬೇಕಾದರೆ ಆರ್.ಸಿ.ಬಿ.ಒ. ಇದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಏಕಕಾಲಕ್ಕೆ ಮುಟ್ಟಿದವರನ್ನು ಇದು ಕಾಪಾಡಲಾರದು. ಭೂಸಂಪರ್ಕಕ್ಕೆ ಇದು ಪರ್ಯಾಯವೂ ಅಲ್ಲ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಕಾಲಕಾಲಕ್ಕೆ ಒತ್ತಿ ನೋಡುವ ಅಭ್ಯಾಸ ಮನೆಯವರಿಗೆ ಇರಬೇಕು.

ಇನ್‌ವರ್ಟರ್ ಇರುವ ಮನೆಗಳಲ್ಲಿ ಆರ್.ಸಿ.ಸಿ.ಬಿ. ಪದೇ ಪದೇ ಬೀಳುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಒಂದು ಸರ್ಕ್ಯೂಟಿನ ಫೇಸಿಗೆ ಇನ್ನೊಂದರ ನ್ಯೂಟ್ರಲ್ ಜೋಡಿಸಿರುವುದರಿಂದ ತೂಕ ತಪ್ಪುತ್ತದೆ. ಸಾಧನವೇ ಸರಿಯಿಲ್ಲವೆಂದು ಅದನ್ನು ಕಿತ್ತು ನೇರ ಜೋಡಿಸುವವರಿದ್ದಾರೆ. ನ್ಯೂಟ್ರಲ್ಲುಗಳನ್ನು ಬೇರ್ಪಡಿಸುವುದೇ ಸರಿಯಾದ ದುರಸ್ತಿ.

ವರ್ತಕರು ಮತ್ತು ತಯಾರಕರು ಗಮನಿಸಬೇಕಾದದ್ದು

ತಂತಿಯ ಮೇಲೆ ಮುದ್ರಿಸಿದ ಗಾತ್ರ ನಿಜವಾಗಿಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ವಿದ್ಯುತ್ ತಂತಿ, ಕೇಬಲ್, ರಕ್ಷಣಾ ಸಾಧನಗಳ ಗುಣಮಟ್ಟ ನಿಯಂತ್ರಣದ 2003ರ ಆದೇಶದಿಂದ ಇವುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ತೂಕವೂ ಒಂದು ಸ್ಥೂಲ ಪರೀಕ್ಷೆ. 90 ಮೀಟರಿನ ಸುರುಳಿಯಲ್ಲಿ 1.5ರ ತಂತಿಯಾದರೆ ಸುಮಾರು 1.2, 2.5ರದಾದರೆ 2, 4ರದಾದರೆ 3.2 ಕಿಲೋ ತಾಮ್ರವಿರಬೇಕು. ಹೊದಿಕೆ ಸೇರಿಯೂ ಸುರುಳಿ ಇಷ್ಟು ತೂಗದಿದ್ದರೆ ಅನುಮಾನಕ್ಕೆ ಎಡೆಯಿದೆ. ನಿಖರವಾದ ಪರೀಕ್ಷೆ ಪ್ರತಿರೋಧದ್ದು. ಬಹು ಎಳೆಗಳ ಮೆತು ತಂತಿಯ 90 ಮೀಟರ್ ಸುರುಳಿಯ ಪ್ರತಿರೋಧ 20 ಡಿಗ್ರಿಯಲ್ಲಿ 1.5ಕ್ಕೆ 1.20, 2.5ಕ್ಕೆ 0.72, 4ಕ್ಕೆ 0.45 ಓಮ್ ಮೀರಬಾರದು. 30 ಡಿಗ್ರಿಯಲ್ಲಿ ಅಳೆದರೆ ಶೇಕಡ 4ರಷ್ಟು ಹೆಚ್ಚು ತೋರುವುದು ಸಹಜ. ಸಾಧಾರಣ ಮಲ್ಟಿಮೀಟರ್ ಇಷ್ಟು ಸಣ್ಣ ಅಳತೆಗೆ ಸಾಲದು. ಮಿಲಿಓಮ್ ಮೀಟರ್ ಬೇಕು. ದೊಡ್ಡ ಪ್ರಮಾಣದಲ್ಲಿ ತಂತಿ ಕೊಳ್ಳುವ ಸದಸ್ಯರಿಗೆ ಅದು ಉಪಯುಕ್ತ ಸಲಕರಣೆ.

ಎಕ್ಸ್‌ಟೆನ್ಷನ್ ಬೋರ್ಡು ತಯಾರಕರಿಗೆ ಒಂದು ವಿಶೇಷ ಸೂಚನೆ. 0.75 ಚ.ಮಿ.ಮೀ. ತಂತಿ ತಾಳುವುದು ಸುಮಾರು 7 ಆಂಪಿಯರ್. ಅದರ ತುದಿಗೆ 16 ಆಂಪಿಯರಿನ ಸಾಕೆಟ್ಟು ಕೂರಿಸಿದರೆ, ಗೋಡೆಯ ಹಿಂದಿನ 16ರ ಎಂ.ಸಿ.ಬಿ. ಆ ತಂತಿಯನ್ನು ಕಾಯಲಾರದು. ಸಣ್ಣ ತಂತಿಯ ಬೋರ್ಡಿಗೆ 6 ಆಂಪಿಯರಿನ ಸಾಕೆಟ್ಟು ಹಾಗೂ ಬೋರ್ಡಿನಲ್ಲಿಯೇ ಫ್ಯೂಸ್, 16 ಆಂಪಿಯರಿನ ಬೋರ್ಡಿಗೆ ಅದಕ್ಕೆ ತಕ್ಕ ದಪ್ಪ ತಂತಿ ಎಂಬ ನಿಯಮವನ್ನು ಸಡಿಲಿಸಬಾರದು.

ಕೊನೆಯದಾಗಿ, ಗಾತ್ರವೂ ಸಾಧನವೂ ಸರಿಯಿದ್ದು ಜೋಡಣೆ ಕೆಟ್ಟರೆ ಪ್ರಯೋಜನವಿಲ್ಲ. ತಿರುಪಿನೊಳಗೆ ಹಿಡಿಸದೆಂದು ತಂತಿಯ ಕೆಲವು ಎಳೆಗಳನ್ನು ಕತ್ತರಿಸುವುದು, ಸಡಿಲವಾಗಿ ಬಿಗಿಯುವುದು, ಭೂಸಂಪರ್ಕದ ತಂತಿಯನ್ನು ಬಿಟ್ಟುಬಿಡುವುದು ಇವೆಲ್ಲ ಸಾಕೆಟ್ಟು ಸುಡುವುದಕ್ಕೂ ಜೀವಹಾನಿಗೂ ದಾರಿ. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮುಗಿದ ಮೇಲೆ ನಿರೋಧಕ ಪರೀಕ್ಷೆ, ಭೂಸಂಪರ್ಕದ ಪರೀಕ್ಷೆ, ಆರ್.ಸಿ.ಸಿ.ಬಿ. ಪರೀಕ್ಷೆಗಳ ಫಲಿತಾಂಶವನ್ನು ಬರಹದಲ್ಲಿ ಪಡೆಯಬೇಕು. ಪ್ರತಿ ಸರ್ಕ್ಯೂಟಿನ ಹೊರೆ, ಎಂ.ಸಿ.ಬಿ. ಮತ್ತು ತಂತಿಯ ಗಾತ್ರವನ್ನು ಒಂದು ಚೀಟಿಯಲ್ಲಿ ಬರೆದು ಡಿ.ಬಿ. ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿದರೆ, ಮುಂದೆ ಎಂ.ಸಿ.ಬಿ. ಬದಲಾಯಿಸಲು ಬರುವವರಿಗೆ ಸರಿಯಾದ ಅಂಕಿ ಅಲ್ಲಿಯೇ ಸಿಗುತ್ತದೆ. ಇಂಥ ಚೀಟಿಗಳನ್ನು ಮುದ್ರಿಸಿ ತಂತಿಯ ಸುರುಳಿಯೊಂದಿಗೆ ಗ್ರಾಹಕರಿಗೆ ಕೊಡುವುದು ನಮ್ಮ ವರ್ತಕ ಬಂಧುಗಳಿಗೆ ಹೆಚ್ಚಿನ ಖರ್ಚಿನ ಕೆಲಸವೇನಲ್ಲ.